ಮನೆಯ ಗಣಕಯಂತ್ರ ಮತ್ತು ಅದರ ವ್ಯವಸ್ಥೆ: ಒಂದು ಸಂವಾದ

ಗುರುಗಳು: ಬಾರಮ್ಮ, ಕುಳಿತುಕೊ. ನಿನ್ನನ್ನು ಇಷ್ಟು ದೂರ ಬರಹೇಳಿದ್ದಕ್ಕೆ ಕಾರಣ ಈ ಮೇಜಿನ ಮೇಲಿರುವ ಯಂತ್ರ. ನಾನು ನಿವೃತ್ತನಾದ ವರ್ಷ, ಎಂದರೆ 2016ರಲ್ಲಿ ಇದನ್ನು ಕೊಂಡೆ. ನಮ್ಮ ಸೀಮೆಯ ಕೆರೆಗಳನ್ನೂ ವೀರಗಲ್ಲುಗಳನ್ನೂ ಕುರಿತು ನಾನು ಬರೆದುದೆಲ್ಲವೂ ಇದರಲ್ಲಿಯೇ ಇದೆ. ಇಷ್ಟು ವರ್ಷ ಮೊಂಡು ಹಿಡಿಯದೆ ದುಡಿದ ಈ ಯಂತ್ರವು, ತನ್ನೊಳಗಿನ ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದುಹೋಯಿತೆಂದೂ, ವಿಂಡೋಸ್ 11ಕ್ಕೆ ಏರುವ ಅರ್ಹತೆ ತನಗಿಲ್ಲವೆಂದೂ ಈಗ ತಾನಾಗಿಯೇ ಪರದೆಯ ಮೇಲೆ ಹೇಳತೊಡಗಿದೆ. ಪೇಟೆಯ ಅಂಗಡಿಯವನನ್ನು ವಿಚಾರಿಸಿದೆ. ಇದನ್ನು ತೂಕಕ್ಕೆ ಹಾಕಿ ಹೊಸದೊಂದನ್ನು ಕೊಳ್ಳಿರೆಂದನು. ಅಮೆರಿಕೆಯಲ್ಲಿರುವ ಮಗಳು ಮ್ಯಾಕ್ ಕೊಳ್ಳಿರೆನ್ನುತ್ತಾಳೆ. ಲಿನಕ್ಸ್ ಹಾಕಿದರೆ ಕಾಸು ಖರ್ಚಿಲ್ಲದೆ ಇದೇ ಯಂತ್ರ ಓಡುವುದೆಂದು ಪಕ್ಕದ ಮನೆಯ ಕಾಲೇಜು ಹುಡುಗನ ಮಾತು. ಮೂವರೂ ನನ್ನ ಹಿತವನ್ನೇ ಬಯಸುವವರು. ಆದುದರಿಂದಲೇ ನನಗೆ ದಿಕ್ಕು ತೋಚದಾಗಿದೆ.

ಶಿಷ್ಯೆ: ಯಂತ್ರಕ್ಕೆ ಏನೂ ಆಗಿಲ್ಲ, ಗುರುಗಳೆ. ಬೆಂಬಲ ಮುಗಿಯಿತೆಂದರೆ ನಾಳೆಯಿಂದ ಇದು ತೆರೆದುಕೊಳ್ಳುವುದಿಲ್ಲವೆಂದು ಅರ್ಥವಲ್ಲ. ವಿಂಡೋಸಿನಂತಹ ವ್ಯವಸ್ಥೆಯೊಂದು ಕೋಟಿಗಟ್ಟಲೆ ಸಾಲುಗಳ ಬರಹವಾದುದರಿಂದ, ಎಷ್ಟೇ ಎಚ್ಚರಿಕೆಯಿಂದ ಬರೆದಿದ್ದರೂ ಅದರಲ್ಲಿ ದೋಷಗಳು ವರ್ಷವರ್ಷವೂ ಹೊರಬೀಳುತ್ತಲೇ ಇರುತ್ತವೆ. ಆ ದೋಷಗಳ ಮೂಲಕ ಕಳ್ಳರು ಒಳನುಗ್ಗದಂತೆ ಮೈಕ್ರೋಸಾಫ್ಟ್ ಸಂಸ್ಥೆಯವರು ಪ್ರತಿ ತಿಂಗಳ ಎರಡನೆಯ ಮಂಗಳವಾರ ತೇಪೆಗಳನ್ನು ಕಳುಹಿಸುತ್ತಾರೆ. ತಾವು ಹೇಳಿದ ಆ ಅಕ್ಟೋಬರ್ 14 ಕೂಡ ಅಂತಹ ಒಂದು ಮಂಗಳವಾರವೇ. ಅಲ್ಲಿಂದ ಮುಂದೆ ಈ ಯಂತ್ರಕ್ಕೆ ತೇಪೆ ಬರುವುದಿಲ್ಲ. ಹೆಸರು ನೋಂದಾಯಿಸಿಕೊಂಡ ಗೃಹಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಕಳುಹಿಸುವುದಾಗಿ ಕಂಪನಿ ಘೋಷಿಸಿತು. ಅದು ಅವಧಿಯ ವಿಸ್ತರಣೆಯೇ ಹೊರತು ಪರಿಹಾರವಲ್ಲ. ಅಂತರ್ಜಾಲದ ಸಂಪರ್ಕವನ್ನೇ ಕಳಚಿ, ಬರವಣಿಗೆಗೆ ಮಾತ್ರ ಬಳಸುವುದಾದರೆ, ಇದನ್ನು ಇದ್ದ ಹಾಗೆಯೇ ಇಟ್ಟುಕೊಂಡರೂ ಬಾಧಕವಿಲ್ಲ.

ಗುರುಗಳು: ಅದಾಗದು. ಬ್ಯಾಂಕಿನ ವ್ಯವಹಾರ, ಪಹಣಿ ತೆಗೆಯುವುದು, ಪಿಂಚಣಿಯ ಕಾಗದಪತ್ರ, ಮಗಳೊಡನೆ ಮುಖ ನೋಡಿ ಮಾತನಾಡುವುದು ಎಲ್ಲವೂ ಇದರಲ್ಲೇ. ಆದರೆ ಅರ್ಹತೆಯಿಲ್ಲವೆಂಬ ಮಾತು ನನ್ನನ್ನು ನೋಯಿಸಿತು. ಓದುವುದಕ್ಕೆ, ಬರೆಯುವುದಕ್ಕೆ, ನೋಡುವುದಕ್ಕೆ ನಿನ್ನೆ ಸಾಲುತ್ತಿದ್ದ ಯಂತ್ರ ಇಂದು ಏಕೆ ಸಾಲದು?

ಶಿಷ್ಯೆ: ಕೆಲಸಕ್ಕೆ ಸಾಲುತ್ತದೆ, ನಿಯಮಕ್ಕೆ ಸಾಲದು. 2021ರ ಅಕ್ಟೋಬರಿನಲ್ಲಿ ವಿಂಡೋಸ್ 11 ಹೊರಬಂದಾಗ, ಯಂತ್ರದಲ್ಲಿ ಟಿಪಿಎಂ 2.0 ಎಂಬ ರಕ್ಷಣೆಯ ಅಂಗವಿರಬೇಕೆಂದೂ, ಒಪ್ಪಿತವಾದ ಪ್ರೊಸೆಸರುಗಳ ಪಟ್ಟಿಯಲ್ಲಿ ಅದರ ಪ್ರೊಸೆಸರು ಸೇರಿರಬೇಕೆಂದೂ ಕಂಪನಿ ವಿಧಿಸಿತು. ಆ ಪಟ್ಟಿಯು ಇಂಟೆಲ್ ಪ್ರೊಸೆಸರುಗಳಲ್ಲಿ, ಕೆಲವು ಅಪವಾದಗಳನ್ನು ಬಿಟ್ಟರೆ, 2017ರಲ್ಲಿ ಬಂದ ಎಂಟನೆಯ ಪೀಳಿಗೆಯಿಂದ ಆರಂಭವಾಗುತ್ತದೆ. ತಮ್ಮದು ಅದಕ್ಕಿಂತ ಹಿಂದಿನದು. ರಕ್ಷಣೆಯನ್ನು ಬಿಗಿಗೊಳಿಸುವ ಉದ್ದೇಶ ಸುಳ್ಳೆಂದು ನಾನು ಹೇಳಲಾರೆ. ಕಳ್ಳತಂತ್ರಾಂಶವೊಂದು ವ್ಯವಸ್ಥೆಗಿಂತ ಮೊದಲೇ ಎದ್ದು ಕುಳಿತುಕೊಳ್ಳದಂತೆ ತಡೆಯುವುದಕ್ಕೂ, ಡಿಸ್ಕಿನ ಗೂಢಲಿಪಿಯ ಬೀಗದ ಕೈಯನ್ನು ಭದ್ರವಾಗಿಡುವುದಕ್ಕೂ ಆ ಅಂಗ ನಿಜವಾಗಿ ಉಪಯುಕ್ತ. ಆದರೂ ದುಡಿಯುವ ಶಕ್ತಿಯಿರುವ ಕೋಟ್ಯಂತರ ಯಂತ್ರಗಳನ್ನು ಒಂದೇ ದಿನದಲ್ಲಿ ಕಸವೆಂದು ಕರೆಯುವ ಅಧಿಕಾರ, ಅವುಗಳನ್ನು ಕೊಂಡವರ ಕೈಯಲ್ಲಿಲ್ಲದೆ ಬೇರೊಬ್ಬರ ಕೈಯಲ್ಲಿರುವುದು ನ್ಯಾಯವಲ್ಲವೆಂದೇ ನನ್ನ ಅಭಿಪ್ರಾಯ.

ಗುರುಗಳು: ಈ ಲಿನಕ್ಸ್ ಎಂಬುದರ ಪೂರ್ವೋತ್ತರವನ್ನು ಸ್ವಲ್ಪ ಹೇಳು. ಹಣ ತೆಗೆದುಕೊಳ್ಳದೆ ಕೊಡುವ ವಸ್ತುವಿನ ವಿಷಯದಲ್ಲಿ, ಅದನ್ನು ಮಾಡಿದವರು ಯಾರು, ಏತಕ್ಕಾಗಿ ಮಾಡಿದರು ಎಂಬುದನ್ನು ತಿಳಿಯದೆ ಮನೆಯೊಳಕ್ಕೆ ಸೇರಿಸಿಕೊಳ್ಳುವ ಸ್ವಭಾವ ನನ್ನದಲ್ಲ.

ಶಿಷ್ಯೆ: ಕೇಳಬೇಕಾದ ಪ್ರಶ್ನೆಯೇ ಅದು. 1969ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬವರು ಯೂನಿಕ್ಸ್ ಎಂಬ ವ್ಯವಸ್ಥೆಗೆ ಕೈಹಾಕಿದರು; ಇಂದಿನ ವ್ಯವಸ್ಥೆಗಳಲ್ಲಿ ಬಹುಪಾಲಿಗೆ ಅದೇ ಮೂಲಪುರುಷ. ಅದು ಒಂದು ಕಂಪನಿಯ ಸೊತ್ತಾಗಿದ್ದುದರಿಂದ, ಅದನ್ನು ಹೋಲುವ, ಆದರೆ ಎಲ್ಲರೂ ಓದಿ ತಿದ್ದಿ ಹಂಚಬಹುದಾದ ವ್ಯವಸ್ಥೆಯೊಂದನ್ನು ಕಟ್ಟುವೆನೆಂದು ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಎಂಬ ಕಾರ್ಯವನ್ನು ಘೋಷಿಸಿದರು. ಅದರ ಅಂಗಾಂಗಗಳೆಲ್ಲ ಸಿದ್ಧವಾಗುತ್ತ ಬಂದರೂ ಹೃದಯಸ್ಥಾನದಲ್ಲಿರಬೇಕಾದ ತಿರುಳು ಮಾತ್ರ ಕೂಡಿಬಂದಿರಲಿಲ್ಲ. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ, ಆಗಿನ್ನೂ 21 ವರ್ಷದ ಲೈನಸ್ ಟೋರ್ವಾಲ್ಡ್ಸ್, ತನ್ನ 386 ಯಂತ್ರಕ್ಕಾಗಿ ಅಂತಹ ತಿರುಳೊಂದನ್ನು ಬರೆಯುತ್ತಿರುವುದಾಗಿ 1991ರ ಆಗಸ್ಟ್ 25ರಂದು ತಿಳಿಸಿ, ಮರುವರ್ಷ ಅದನ್ನು ಸ್ಟಾಲ್‌ಮನ್ನರ ಪರವಾನಗಿಯ ಅಡಿಯಲ್ಲಿಯೇ ಲೋಕಕ್ಕೆ ಬಿಟ್ಟುಕೊಟ್ಟರು. ಇದನ್ನು ಪಡೆದವನು ಓದಬಹುದು, ತಿದ್ದಬಹುದು, ಹಂಚಬಹುದು. ತಿದ್ದಿ ಹಂಚುವವನು ತನ್ನ ತಿದ್ದುಪಡಿಯ ಮೂಲವನ್ನೂ ಜೊತೆಗೆ ಕೊಡಬೇಕು. ಇಷ್ಟೇ ಆ ಪರವಾನಗಿಯ ಸಾರ. ಹೀಗೆ ಒಬ್ಬನು ಕಲಿತುದು ಇನ್ನೊಬ್ಬನಿಗೆ ಮುಚ್ಚಿಹೋಗದಂತೆ ಕಾನೂನಿನ ಭಾಷೆಯಲ್ಲಿಯೇ ಕಟ್ಟಿಟ್ಟ ಏರ್ಪಾಡು ಇದಾದುದರಿಂದ, ಸಾವಿರಾರು ಜನರ ಶ್ರಮವೂ, ಇದನ್ನು ತಮ್ಮ ವ್ಯಾಪಾರಕ್ಕೆ ಬಳಸುವ ದೊಡ್ಡ ಕಂಪನಿಗಳ ಸಂಬಳದ ಇಂಜಿನಿಯರುಗಳ ಶ್ರಮವೂ ಒಂದೇ ಕಡೆ ಸೇರುತ್ತ ಬಂದಿದೆ. ತಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ತಿರುಳು ಲಿನಕ್ಸೇ. ಲೋಕದ ಅತಿ ವೇಗದ 500 ಗಣಕಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಬೇರೊಂದು ವ್ಯವಸ್ಥೆಗೆ ಎಡೆಯೇ ಸಿಕ್ಕಿಲ್ಲ.

ಗುರುಗಳು: ಕೇಳಿ ಸಂತೋಷವಾಯಿತು. ವಿದ್ಯೆಯನ್ನು ಹೀಗೆ ಹಂಚಿಕೊಳ್ಳುವವರ ಪಕ್ಷದಲ್ಲಿ ನಿಲ್ಲುವುದು ನಮ್ಮಂತಹ ಮೇಷ್ಟರುಗಳಿಗೆ ಸಹಜವೇ. ಹಾಗಾದರೆ ನಿರ್ಣಯವಾದಂತೆಯೇ ಅಲ್ಲವೆ?

ಶಿಷ್ಯೆ: ಇಲ್ಲ, ಗುರುಗಳೆ; ಅಷ್ಟಕ್ಕೇ ನಿರ್ಣಯವಾಗಬಾರದು. ಒಂದು ತತ್ತ್ವದ ಮೇಲಿನ ಗೌರವದಿಂದ ಲಿನಕ್ಸನ್ನು ತಂದು, ಬೇಕಾದ ಕೆಲಸವೊಂದು ಅದರಲ್ಲಿ ಸಾಗದೆ, ತಿಂಗಳೊಳಗೆ ಬೇಸತ್ತು ಬಿಟ್ಟವರನ್ನು ನಾನು ಬಹಳ ನೋಡಿದ್ದೇನೆ. ಅದರಿಂದ ತತ್ತ್ವಕ್ಕೂ ಮನೆಗೂ ಹಾನಿಯೇ. ಮನೆಯಲ್ಲಿ ಯಾರು ಯಾರು ಈ ಯಂತ್ರದ ಮುಂದೆ ಕೂರುತ್ತಾರೆ, ಏನೇನು ಮಾಡುತ್ತಾರೆ, ಅದನ್ನು ಮೊದಲು ನೋಡೋಣ. ಅಮ್ಮನವರು ಏನು ನೋಡುತ್ತಾರೆ?

ಗುರುಗಳು: ಯೂಟ್ಯೂಬಿನಲ್ಲಿ ಸಂಗೀತ, ಹರಿಕಥೆ, ಪ್ರವಚನ. ಮಗಳೊಡನೆ ಮಾತು. ಬೇಸಿಗೆಯಲ್ಲಿ ಮೊಮ್ಮಗ ಬಂದಾಗ ಆಟಗಳು. ಊರಿನಲ್ಲೇ ಇರುವ ಅಳಿಯ ಅಂಗಡಿಯ ಲೆಕ್ಕವನ್ನು ಆಗಾಗ ಇಲ್ಲಿಗೇ ತಂದು, ಟ್ಯಾಲಿಯಲ್ಲಿ ಬರೆದುಕೊಂಡು ಹೋಗುತ್ತಾನೆ.

ಶಿಷ್ಯೆ: ಅಮ್ಮನವರ ಕೆಲಸವೆಲ್ಲ ಬ್ರೌಸರಿನೊಳಗೇ ಮುಗಿಯುತ್ತದೆ, ಕ್ರೋಮ್, ಫೈರ್‌ಫಾಕ್ಸ್ ಎರಡೂ ಎಲ್ಲ ವ್ಯವಸ್ಥೆಗಳಲ್ಲಿಯೂ ಒಂದೇ ಬಗೆ. ಭೂಮಿಯ ಪಹಣಿಯೂ ಬ್ಯಾಂಕೂ ಅಷ್ಟೇ. ಆಟಗಳ ಮಾತನ್ನು ಬಿಡೋಣ. ಆದರೆ ಟ್ಯಾಲಿ ವಿಂಡೋಸಿಗೆಂದೇ ಬರೆದ ತಂತ್ರಾಂಶ. ಬೆಂಗಳೂರಿನಲ್ಲಿಯೇ ಬೆಳೆದ ಆ ಸಂಸ್ಥೆಯ ಲೆಕ್ಕದ ಪುಸ್ತಕವನ್ನು ನಂಬಿದ ಅಂಗಡಿ ನಮ್ಮ ರಾಜ್ಯದ ಪೇಟೆಪೇಟೆಯಲ್ಲಿಯೂ ಇದೆ; ಅವರಲ್ಲಿ ಯಾರಿಗೂ ನಾನು ವಿಂಡೋಸನ್ನು ಬಿಡಿರೆಂದು ಹೇಳುವುದಿಲ್ಲ. ಡಿಜಿಟಲ್ ಸಹಿಯ ಟೋಕನನ್ನು ಯುಎಸ್‌ಬಿಗೆ ಚುಚ್ಚಿ ಟೆಂಡರು ಹಾಕುವವರಿಗೂ, ಫೋಟೋಶಾಪ್, ಇನ್‌ಡಿಸೈನ್‌ಗಳಲ್ಲಿ ಪುಟ ಕಟ್ಟುವವರಿಗೂ ಇದೇ ಮಾತು ಸಲ್ಲುತ್ತದೆ. ಲಿನಕ್ಸಿನಲ್ಲಿ ವೈನ್ ಎಂಬ ಸೇತುವೆಯಿಂದ ವಿಂಡೋಸಿನ ಕೆಲವು ತಂತ್ರಾಂಶಗಳನ್ನು ಓಡಿಸಬಹುದಾದರೂ, ಹೊಟ್ಟೆಪಾಡಿನ ಲೆಕ್ಕವನ್ನು ಅದರ ಮೇಲೆ ನಿಲ್ಲಿಸುವುದು ವಿವೇಕವಲ್ಲ. ಅಳಿಯಂದಿರು ಅಂಗಡಿಯಲ್ಲಿಯೇ ವಿಂಡೋಸ್ 11 ಇರುವ ಯಂತ್ರವೊಂದನ್ನು ಇಟ್ಟುಕೊಳ್ಳಲಿ. ಲೆಕ್ಕವು ಅಂಗಡಿಯಲ್ಲಿರುವುದೇ ಲೇಸು.

ಗುರುಗಳು: ಒಪ್ಪಿದೆ. ಮಗಳು ಹೇಳಿದ ಮ್ಯಾಕ್?

ಶಿಷ್ಯೆ: ಅದು ಉತ್ತಮವಾದ ವ್ಯವಸ್ಥೆ, ಯೂನಿಕ್ಸಿನ ವಂಶದ್ದೇ. ಕನ್ನಡದ ಅಕ್ಷರಗಳು ಅದರ ಪರದೆಯ ಮೇಲೆ ಬಹಳ ಸೊಗಸಾಗಿ ಮೂಡುತ್ತವೆ. ಆದರೆ ಆಪಲ್ ಕಂಪನಿಯ ಯಂತ್ರವನ್ನು ಬಿಟ್ಟು ಬೇರೆ ಯಂತ್ರದಲ್ಲಿ ಅದನ್ನು ಹಾಕಲು ಪರವಾನಗಿಯಿಲ್ಲವಾಗಿ, ಈ ಯಂತ್ರವನ್ನು ಉಳಿಸಿಕೊಳ್ಳಬೇಕೆಂಬ ನಮ್ಮ ಪ್ರಶ್ನೆಗೆ ಅದು ಉತ್ತರವಾಗಲಾರದು. ಅಲ್ಲಿಯೂ ಹಳೆಯದಕ್ಕೆ ಇದೇ ಗತಿ: 2020ರ ನವೆಂಬರಿನಿಂದ ತನ್ನದೇ ಚಿಪ್ಪುಗಳಿಗೆ ಹೊರಳಿಕೊಂಡ ಆ ಕಂಪನಿ, ಇಂಟೆಲ್ ಚಿಪ್ಪಿನ ಮ್ಯಾಕುಗಳಿಗೆ 2025ರ ಆವೃತ್ತಿಯೇ ಕೊನೆಯದೆಂದು ಸಾರಿಬಿಟ್ಟಿದೆ. ಮನೆಮಂದಿಯೆಲ್ಲರ ಕೈಯಲ್ಲಿ ಐಫೋನ್ ಇದ್ದು, ಹೊಸ ಯಂತ್ರಕ್ಕೆಂದು ಹಣ ತೆಗೆದಿಟ್ಟಿದ್ದರೆ ಮಾತು ಬೇರೆಯಿತ್ತು.

ಗುರುಗಳು: ಇನ್ನು ಉಳಿದದ್ದು ನನ್ನ ಬರವಣಿಗೆ. ಅದರ ವಿಷಯದಲ್ಲಿ ಮಾತ್ರ ನನಗೆ ಭಯ. ನಾನು ಕನ್ನಡ ಟೈಪಿಂಗ್ ಕಲಿತುದು ನುಡಿ ಎಂಬ ತಂತ್ರಾಂಶದಲ್ಲಿ. ಶಾಲೆಯ ಪತ್ರವ್ಯವಹಾರವೂ ಪ್ರಶ್ನಪತ್ರಿಕೆಗಳೂ ಅದರಲ್ಲಿಯೇ ನಡೆದವು. ನಾನು ಬರೆಯುತ್ತಿರುವ ನಮ್ಮ ಸೀಮೆಯ ಚರಿತ್ರೆಯ ಮೊದಲ ಅಧ್ಯಾಯಗಳು ಸಹ ಅದರಲ್ಲಿಯೇ ಇವೆ. ಕಳೆದ ಸಲ ಒಂದು ಅಧ್ಯಾಯವನ್ನು ಮಗಳಿಗೆ ಕಳುಹಿಸಿದಾಗ, ಅವಳ ಯಂತ್ರದಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಒಂದು ಕಲಸುಮೇಲೋಗರವಾಗಿ ಕಾಣಿಸಿತಂತೆ. ವ್ಯವಸ್ಥೆಯನ್ನೇ ಬದಲಿಸಿದರೆ ನನ್ನ ಗತಿಯೂ ಅದೇ ಆಗುವುದಿಲ್ಲವೆ?

ಶಿಷ್ಯೆ: ಈ ಪ್ರಶ್ನೆಗಾಗಿಯೇ ನಾನು ಕಾಯುತ್ತಿದ್ದೆ, ಕನ್ನಡದಲ್ಲಿ ಬರೆಯುವವರ ಮನೆಯಲ್ಲಿ ಇದೇ ಮೊದಲನೆಯ ಪ್ರಶ್ನೆ, ವಿಂಡೋಸೋ ಲಿನಕ್ಸೋ ಎಂಬುದು ಇದರ ನಂತರದ್ದು. ಆ ಅಧ್ಯಾಯವನ್ನು ಇಲ್ಲಿ ತೆರೆಯಿರಿ. ಪರದೆಯ ಮೇಲೆ ತಮಗೆ ಕಾಣುವುದು ಕನ್ನಡದ ಕ ಅಕ್ಷರ. ಕಡತದೊಳಗೆ ಇರುವುದಾದರೋ ಇಂಗ್ಲಿಷಿನ ದೊಡ್ಡ ಪಿ ಅಕ್ಷರ, ಅದರ ಪಕ್ಕದಲ್ಲಿ ತಲೆಯ ಮೇಲೆ ಓರೆಗೀಟಿರುವ, ಫ್ರೆಂಚರು ಬಳಸುವಂತಹ ಒಂದು ಎ. ನುಡಿಯ ಫಾಂಟು ಆ ಪಿಯ ಸ್ಥಾನದಲ್ಲಿ ಕಕಾರದ ಮೈಯನ್ನೂ, ಎಯ ಸ್ಥಾನದಲ್ಲಿ ತಲೆಕಟ್ಟನ್ನೂ ಚಿತ್ರಿಸಿ ಕೊಡುತ್ತದೆ. ಗಣಕಗಳಿಗೆ ಕನ್ನಡವೇ ತಿಳಿಯದಿದ್ದ ಕಾಲದಲ್ಲಿ ಮಾಡಿದ ಜಾಣ ಉಪಾಯವಿದು. ಕನ್ನಡ ಗಣಕ ಪರಿಷತ್ತಿನವರ ಆ ಶ್ರಮ, ಅದರ ಹಾಗೆಯೇ 1998ರಲ್ಲಿ ಬಂದ ಬರಹ ತಂತ್ರಾಂಶದ ಶ್ರಮ ಇಲ್ಲದಿದ್ದರೆ ನಮ್ಮ ಕಚೇರಿಗಳೂ ಅಚ್ಚುಕೂಟಗಳೂ ಗಣಕದಲ್ಲಿ ಕನ್ನಡ ಬರೆಯಲು ಇನ್ನೆಷ್ಟು ವರ್ಷ ಕಾಯಬೇಕಾಗಿತ್ತೋ. ಆದರೆ ಫಾಂಟು ಇಲ್ಲದ ಯಂತ್ರದಲ್ಲಿ ವೇಷ ಕಳಚಿ, ಒಳಗಿನ ಪಿ ಮತ್ತು ಎ ಹೊರಬೀಳುತ್ತವೆ. ತಮ್ಮ ಮಗಳು ಕಂಡದ್ದು ಅದನ್ನೇ.

ಗುರುಗಳು: ಹಾಗಿದ್ದರೆ ನಾನು ಬರೆದುದು ಕನ್ನಡವೇ ಅಲ್ಲವೆ? ಹಲ್ಮಿಡಿಯ ಶಾಸನವನ್ನು ನೋಡು, ಸುಮಾರು 450ರಲ್ಲಿ ಕೆತ್ತಿದ ಕಲ್ಲು, ಎಂ. ಎಚ್. ಕೃಷ್ಣ ಅವರಿಗೆ 1936ರಲ್ಲಿ ಸಿಕ್ಕಿದಾಗ ಓದಲು ಬಂದಿತು. ನಾನು ಹದಿನೈದು ಇಪ್ಪತ್ತು ವರ್ಷದ ಹಿಂದೆ ಬರೆದುದು ನನ್ನ ಮಗಳಿಗೇ ಓದಲು ಬಾರದೆ?

ಶಿಷ್ಯೆ: ಆ ಶಾಸನವೂ ತಾನಾಗಿ ಓದಿಸಿಕೊಳ್ಳಲಿಲ್ಲವಷ್ಟೆ, ಗುರುಗಳೆ. ಯಾವ ಕಾಲದ ಯಾವ ರೂಪ ಇಂದಿನ ಯಾವ ಅಕ್ಷರಕ್ಕೆ ಸಮನೆಂಬ ಪಟ್ಟಿಯನ್ನು ಲಿಪಿಶಾಸ್ತ್ರಜ್ಞರು ಕಟ್ಟಿಟ್ಟಿದ್ದರಿಂದ ಅದು ಓದಲು ಬಂತು. ನುಡಿಯ ಕಡತಕ್ಕೂ ಅಂತಹ ಪಟ್ಟಿ ಇದೆ. ಪಿ ಮತ್ತು ಎ ಸೇರಿದರೆ ಕ ಎಂಬಂತೆ ಸಾಲುಸಾಲಾಗಿ ಗೊತ್ತಿದೆ. ಆ ಪಟ್ಟಿಯನ್ನು ಹಿಡಿದು ಹಳೆಯ ಕಡತವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳೂ ಇವೆ. ಯೂನಿಕೋಡಿನಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಲೋಕವೆಲ್ಲ ಒಪ್ಪಿದ ಅದರದೇ ಸಂಖ್ಯೆಯುಂಟು. 1991ರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡ ಸೇರಿತ್ತು. ಹಾಗೆ ಬರೆದುದನ್ನು ವಿಂಡೋಸ್, ಮ್ಯಾಕ್, ಲಿನಕ್ಸ್, ಫೋನು ಎಲ್ಲವೂ ಓದುತ್ತವೆ, ಗೂಗಲ್ ಹುಡುಕುತ್ತದೆ, ಕಣ್ಣು ಕಾಣದವರಿಗೆ ಯಂತ್ರವೇ ಓದಿ ಹೇಳುತ್ತದೆ.

ಗುರುಗಳು: ಪರಿವರ್ತನೆಯಲ್ಲಿ ಪಾಠ ಕೆಡುವುದಿಲ್ಲವೆ? ಒಂದು ಹೆಸರು, ಒಂದು ಇಸವಿ ತಪ್ಪಿದರೂ ಚರಿತ್ರೆ ಹಾಳು.

ಶಿಷ್ಯೆ: ಕೆಡುವ ಜಾಗಗಳು ಗೊತ್ತಿವೆ, ಅಲ್ಲಿ ಕಣ್ಣಿಟ್ಟರೆ ಸಾಕು. ಮೊದಲನೆಯದು ಅರ್ಕಾವೊತ್ತು. ಧರ್ಮ, ಸೂರ್ಯ ಎಂದು ಬರೆಯುವಾಗ ನುಡಿಯ ಕಡತದಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ ಅಕ್ಷರದ ಹಿಂದೆ ಬಂದು ಕುಳಿತಿರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮವಾದುದರಿಂದ ರೇಫೆಯು ಮುಂದೆ ಬರಬೇಕು. ಹಾಗೆ ಸ್ಥಳ ಬದಲಿಸುವಲ್ಲಿ ಸಾಧಾರಣವಾದ ಪರಿವರ್ತಕ ಎಡವುತ್ತದೆ. ಎರಡನೆಯದು, ಕನ್ನಡದ ನಡುವೆ ತಾವು ಬಿಡಿಯಾಗಿ ಸೇರಿಸಿದ ಇಂಗ್ಲಿಷ್ ಪದಗಳು. ಕಡತದೊಳಗೆ ಎರಡೂ ಇಂಗ್ಲಿಷ್ ಅಕ್ಷರಗಳೇ ಆದುದರಿಂದ, ಯಾವುದು ನಿಜವಾದ ಇಂಗ್ಲಿಷು, ಯಾವುದು ವೇಷದ ಕನ್ನಡ ಎಂದು ಅರಿಯದೆ ಪರಿವರ್ತಕವು ಇಂಗ್ಲಿಷ್ ಗ್ರಂಥನಾಮಗಳನ್ನು ಸಹ ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ತಮ್ಮ ಅಡಿಟಿಪ್ಪಣಿಗಳಲ್ಲಿ ರೈಸ್ ಸಾಹೇಬರ ಎಪಿಗ್ರಾಫಿಯಾ ಕರ್ನಾಟಿಕಾದ ಹೆಸರು ಬಂದ ಕಡೆಯಲ್ಲೆಲ್ಲ ಇದನ್ನು ನೋಡಿಕೊಳ್ಳಬೇಕು. ಒಂದೊಂದಾಗಿ ಅಧ್ಯಾಯಗಳನ್ನು ತಿರುಗಿಸಿ, ಹಳೆಯ ಪ್ರತಿಯನ್ನು ಅಳಿಸದೆ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕರಡು ತಿದ್ದುವ ಹಾಗೆ ತಿದ್ದಿದರೆ ಆಯಿತು. ತಮಗೆ ಕರಡು ತಿದ್ದುವುದನ್ನು ನಾನು ಹೇಳಿಕೊಡಬೇಕೆ?

ಗುರುಗಳು: ಅದು ನನ್ನಿಂದ ಆಗುವ ಕೆಲಸ. ಆದರೆ ಬೆರಳುಗಳು? ಕೀಲಿಮಣೆಯ ಮೇಲೆ ಅವು ಕಲಿತ ದಾರಿಯನ್ನು ಈ ವಯಸ್ಸಿನಲ್ಲಿ ಮರೆತು ಹೊಸದನ್ನು ಕಲಿಯುವುದೆಂದರೆ, ಬರೆಯುವುದನ್ನೇ ಬಿಟ್ಟಂತೆ.

ಶಿಷ್ಯೆ: ಮರೆಯಬೇಕಾಗಿಲ್ಲ. ತಾವು ಕಲಿತ ವಿನ್ಯಾಸವು ಕೆ. ಪಿ. ರಾವ್ ಅವರು ರೂಪಿಸಿದ್ದು. ಅದು ನುಡಿಯೊಡನೆ ಕೆಜಿಪಿ ಎಂಬ ಹೆಸರಿನಿಂದ ಪ್ರಚಾರಕ್ಕೆ ಬಂದಿತು. ಲಿನಕ್ಸಿನಲ್ಲಿ ಐಬಸ್ ಎಂಬ ಅಂಗಕ್ಕೆ ಎಂ17ಎನ್ ಎಂಬ ಸಂಗ್ರಹವನ್ನು ಸೇರಿಸಿದರೆ, ಪಟ್ಟಿಯಲ್ಲಿ ಕನ್ನಡದ ಕೆಳಗೆ ಕೆಜಿಪಿ ಎಂದೇ ಕಾಣುತ್ತದೆ. ಮಾತಿನಲ್ಲಿ ಏಕೆ, ಈ ಪೆನ್‌ಡ್ರೈವಿನಲ್ಲಿ ಲಿನಕ್ಸ್ ಮಿಂಟ್ ಎಂಬುದನ್ನು ಸಿದ್ಧಪಡಿಸಿ ತಂದಿದ್ದೇನೆ. ಇದನ್ನು ಯಂತ್ರಕ್ಕೆ ಚುಚ್ಚಿ, ಯಂತ್ರ ಏಳುವಾಗ ಎಫ್12 ಒತ್ತಿ, ಪೆನ್‌ಡ್ರೈವಿನಿಂದ ಎಬ್ಬಿಸುತ್ತೇನೆ. ಸ್ಥಾಪಿಸು ಎಂಬ ಗುರುತನ್ನು ಮುಟ್ಟುವವರೆಗೆ ಒಳಗಿನ ಡಿಸ್ಕಿನ ಒಂದು ಅಕ್ಷರವೂ ಅಲುಗುವುದಿಲ್ಲ. ವ್ಯವಸ್ಥೆಯೆಲ್ಲ ಪೆನ್‌ಡ್ರೈವಿನಿಂದ ಬಂದು ತಾತ್ಕಾಲಿಕವಾಗಿ ರ‍್ಯಾಮಿನಲ್ಲಿ ನಡೆಯುತ್ತದೆ. ಇದೋ, ಎದ್ದಿತು.

ಗುರುಗಳು: ಕೆಳಗೆ ಎಡಗಡೆಯಲ್ಲಿ ಮೆನು, ಬಲಗಡೆಯಲ್ಲಿ ಗಡಿಯಾರ. ಇದು ನನ್ನ ಹಳೆಯ ವಿಂಡೋಸಿನ ಹಾಗೆಯೇ ಇದೆಯಲ್ಲ!

ಶಿಷ್ಯೆ: ಮಿಂಟನ್ನು ಆರಿಸಿದ್ದಕ್ಕೆ ಅದೂ ಒಂದು ಕಾರಣ. ಲಿನಕ್ಸ್ ಒಂದೇ ತಿರುಳಾದರೂ ಅದರ ಸುತ್ತ ಕಟ್ಟಿದ ವಿತರಣೆಗಳು ನೂರಾರು. 1993ರಲ್ಲಿ ಆರಂಭವಾದ ಡೆಬಿಯನ್, ಅದರ ಆಧಾರದ ಮೇಲೆ 2004ರಲ್ಲಿ ಬಂದ ಉಬುಂಟು, ಅದರ ಆಧಾರದ ಮೇಲೆ 2006ರಲ್ಲಿ ಹುಟ್ಟಿದ ಮಿಂಟ್, ಹೀಗೆ ಶಿಷ್ಯಪರಂಪರೆ. ವಿಂಡೋಸಿನಿಂದ ಬರುವವರಿಗೆ ಕೈತಪ್ಪದ ಹಾಗೆ ಮಿಂಟ್ ಇದೆ. ಅದರಲ್ಲಿಯೂ ಈ ಯಂತ್ರದಲ್ಲಿ 4 ಜಿಬಿ ರ‍್ಯಾಮ್ ಮಾತ್ರವಿರುವುದರಿಂದ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ತಂದೆ. ಅಂತರ್ಜಾಲದಿಂದ ಎಂ17ಎನ್ ಸಂಗ್ರಹವನ್ನೂ ಈಗ ಸೇರಿಸಿದ್ದಾಯಿತು. ಲಿಬ್ರೆಆಫೀಸ್ ತೆರೆದಿದ್ದೇನೆ. ಏನಾದರೂ ಬರೆಯಿರಿ.

ಗುರುಗಳು: ವೀರಗಲ್ಲು ಎಂದೇ ಬರೆಯುತ್ತೇನೆ. ವ, ದೀರ್ಘ, ರ, ಗ, ಲ, ಒತ್ತಿಗೆ ಎಫ್, ಮತ್ತೆ ಲ, ಕೊಂಬು. ಬಂತು! ಒತ್ತಕ್ಷರವೂ ಸರಿಯಾಗಿ ಕೆಳಗೆ ಕುಳಿತಿದೆ. ಬೆರಳಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಇದನ್ನು ಮಗಳಿಗೆ ಕಳುಹಿಸಿದರೆ?

ಶಿಷ್ಯೆ: ಇಲ್ಲಿ ಕಾಣುವ ಹಾಗೆಯೇ ಅವರ ಫೋನಿನಲ್ಲಿಯೂ ಕಾಣುತ್ತದೆ. ಈ ಲಿಬ್ರೆಆಫೀಸ್ 2010ರಿಂದ ನಡೆದುಬಂದ ಮುಕ್ತ ತಂತ್ರಾಂಶ. ಇದರ ಕಡತದ ರೂಪವು 2006ರಿಂದ ಅಂತರರಾಷ್ಟ್ರೀಯ ಮಾನಕವಾಗಿದೆ. ವರ್ಡಿನ ಕಡತಗಳನ್ನೂ ಇದು ಓದುತ್ತದೆ, ಬರೆಯುತ್ತದೆ. ಕೋಷ್ಟಕಗಳು ಬಹಳವಿದ್ದರೆ ಪುಟದ ಅಂಚು ಅಲ್ಲಲ್ಲಿ ಸ್ವಲ್ಪ ಸರಿಯಬಹುದು. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಬೇಕು: ತಮ್ಮ ಪುಸ್ತಕವನ್ನು ಅಚ್ಚು ಹಾಕುವವರು ಇನ್ನೂ ಪೇಜ್‌ಮೇಕರಿನಲ್ಲಿ ಪುಟ ಕಟ್ಟುವವರಾದರೆ, ನುಡಿಯ ಕಡತವನ್ನೇ ಕೇಳಿಯಾರು. 2001ರಲ್ಲಿ ಕೊನೆಯ ಮುಖ್ಯ ಆವೃತ್ತಿ ಕಂಡ ಆ ತಂತ್ರಾಂಶಕ್ಕೆ ಯೂನಿಕೋಡ್ ಕನ್ನಡ ತಿಳಿಯದು. ಆಗ ಯೂನಿಕೋಡಿನ ಮೂಲಪ್ರತಿಯನ್ನು ತಾವು ಇಟ್ಟುಕೊಂಡು, ಅದರಿಂದ ತಿರುಗಿಸಿದ ಪ್ರತಿಯನ್ನು ಅವರಿಗೆ ಕೊಡಿ. ಮೂಲಪ್ರತಿಯನ್ನು ಮಾತ್ರ ಮತ್ತೆ ನುಡಿಗೆ ಇಳಿಸಬೇಡಿ.

ಗುರುಗಳು: ನಿನ್ನ ಮಾತಿನ ಒಳತಿರುಳು ಈಗ ಹೊಳೆಯಿತು. ಬರಹ ಯಾವ ವ್ಯವಸ್ಥೆಗೂ ಅಡಿಯಾಳಾಗದ ರೂಪದಲ್ಲಿದ್ದರೆ, ವ್ಯವಸ್ಥೆಯನ್ನು ಇಂದು ಹಿಡಿಯಬಹುದು, ನಾಳೆ ಬಿಡಬಹುದು. ಬರಹವೇ ಸೆರೆಯಾಗಿದ್ದರೆ, ಒಡೆಯನು ಕರೆದ ಕಡೆಗೆ ನಾವೂ ಅದರ ಹಿಂದೆ ಹೋಗಬೇಕಾಗುತ್ತದೆ.

ಶಿಷ್ಯೆ: ಅದನ್ನೇ ನಾನು ಹೇಳಬೇಕೆಂದಿದ್ದೆ. ವಿಂಡೋಸಿನಲ್ಲಿಯೇ ಉಳಿಯುವವರಿಗೂ ಈ ಮಾತು ಅಷ್ಟೇ ಸಲ್ಲುತ್ತದೆ.

ಗುರುಗಳು: ಆದರೂ ಒಂದು ಆಕ್ಷೇಪವುಂಟು, ಅದನ್ನು ತೂಗದೆ ಒಪ್ಪಲಾರೆ. ನೀನಿರುವುದು ದೂರದ ಊರಿನಲ್ಲಿ. ಇಲ್ಲಿ ಏನಾದರೂ ಕೆಟ್ಟರೆ ಅಂಗಡಿಯ ಹುಡುಗರನ್ನು ಕರೆಯಬೇಕು. ಅವರು ವಿಂಡೋಸನ್ನು ಬಿಟ್ಟು ಬೇರೊಂದನ್ನು ಕಂಡವರಲ್ಲ. ನೆರವು ಕೈಗೆಟುಕುವಷ್ಟು ಹತ್ತಿರವಿಲ್ಲದಿದ್ದರೆ ಒಳ್ಳೆಯ ವಸ್ತುವಿನಿಂದಲೂ ಮುದುಕನಿಗೆ ಪ್ರಯೋಜನವಿಲ್ಲ.

ಶಿಷ್ಯೆ: ಈ ಆಕ್ಷೇಪವನ್ನು ನಾನು ಅಲ್ಲಗಳೆಯುವುದಿಲ್ಲ. ವ್ಯವಸ್ಥೆಗಳ ಗುಣದೋಷಗಳನ್ನು ಎಷ್ಟು ಚರ್ಚಿಸಿದರೂ ಮನೆಯ ಮಟ್ಟಿಗೆ ಕೊನೆಗೆ ನಿಲ್ಲುವ ಪ್ರಶ್ನೆ ಇದೇ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಕೈಟ್ ಸಂಸ್ಥೆಯವರು ಲಿನಕ್ಸನ್ನೇ ನೆಲೆಗೊಳಿಸಿದುದರಿಂದ ಅಲ್ಲಿಯ ಮಕ್ಕಳಿಗೂ ಮೇಷ್ಟರುಗಳಿಗೂ ಅದು ಪರಿಚಿತ. ಒಬ್ಬರಿಗೆ ತಿಳಿಯದಿದ್ದರೆ ಇನ್ನೊಬ್ಬರು ಹೇಳುತ್ತಾರೆ. ನಮ್ಮ ಊರುಗಳಲ್ಲಿ ಆ ವಾತಾವರಣ ಇನ್ನೂ ಬೆಳೆಯಬೇಕಾಗಿದೆ. ಆದರೆ ಅಂಗಡಿಯ ಹುಡುಗರನ್ನು ತಾವು ಕರೆದದ್ದು ಯಾವ ಯಾವ ಕಾರಣಕ್ಕೆ?

ಗುರುಗಳು: ಹೆಚ್ಚಾಗಿ ವೈರಸ್ಸಿಗೆ. ಜೆರಾಕ್ಸ್ ಅಂಗಡಿಯಲ್ಲಿ ಪೆನ್‌ಡ್ರೈವ್ ಕೊಟ್ಟು ಪ್ರಿಂಟ್ ತೆಗೆಸಿಕೊಂಡು ಬಂದ ಮೇಲೆ ಕಡತಗಳೆಲ್ಲ ಮಾಯವಾಗಿ ಬಾಣದ ಗುರುತಿನ ಶಾರ್ಟ್‌ಕಟ್ಟುಗಳು ಮಾತ್ರ ಕಾಣುತ್ತಿದ್ದವು. ಯಂತ್ರ ನಿಧಾನವಾಯಿತೆಂದೂ ಕರೆದದ್ದುಂಟು. ಒಮ್ಮೆ ಪ್ರಿಂಟರಿಗಾಗಿ.

ಶಿಷ್ಯೆ: ಆ ಶಾರ್ಟ್‌ಕಟ್ ವೈರಸ್ಸು ವಿಂಡೋಸಿಗೆಂದು ಬರೆದುದು, ಲಿನಕ್ಸಿನಲ್ಲಿ ಅದು ಜಡವಾಗಿ ಬಿದ್ದಿರುತ್ತದೆ. ಲಿನಕ್ಸಿಗೆ ಅಪಾಯವೇ ಇಲ್ಲವೆಂದು ಹೇಳುತ್ತಿಲ್ಲ. ಬ್ಯಾಂಕಿನ ಹೆಸರಿನಲ್ಲಿ ಓಟಿಪಿ ಕೇಳುವ ಮೋಸಗಾರನ ಎದುರಿಗೆ ಎಲ್ಲ ವ್ಯವಸ್ಥೆಗಳೂ ಒಂದೇ. ನಿಧಾನಕ್ಕೆ ಮದ್ದು ಬೇರೆ: ತಿರುಗುವ ಹಾರ್ಡ್ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮನ್ನು 8 ಜಿಬಿಗೆ ಏರಿಸಿದರೆ, ಹೊಸ ಯಂತ್ರದ ಬೆಲೆಯ ಒಂದು ಸಣ್ಣ ಅಂಶದಲ್ಲಿ ಇದು ಮರುಹುಟ್ಟು ಪಡೆಯುತ್ತದೆ, ಅಷ್ಟು ಕೆಲಸ ಅಂಗಡಿಯ ಹುಡುಗರಿಗೆ ಚೆನ್ನಾಗಿ ಬರುತ್ತದೆ. ಪ್ರಿಂಟರಿನ ಮಾತು ನಿಜವಾಗಿ ಪರೀಕ್ಷಿಸಬೇಕಾದದ್ದು. ಕೆಲವು ಹಳೆಯ ಲೇಸರ್ ಪ್ರಿಂಟರುಗಳಿಗೆ ಕಂಪನಿಯವರು ಲಿನಕ್ಸಿನ ಡ್ರೈವರನ್ನು ಸರಿಯಾಗಿ ಕೊಟ್ಟಿಲ್ಲ. ತಮ್ಮದನ್ನು ಈಗಲೇ ತಂತಿ ಸಿಕ್ಕಿಸಿ ನೋಡೋಣ. ವೈಫೈ ಹಿಡಿದಿದೆ. ಧ್ವನಿ ಕೇಳಿಸುತ್ತಿದೆ. ಕ್ಯಾಮೆರಾದಲ್ಲಿ ಮುಖ ಕಾಣುತ್ತಿದೆ. ಇದೋ, ಪುಟವೂ ಹೊರಬಂತು.

ಗುರುಗಳು: ಹಾಗಾದರೆ ಸ್ಥಾಪಿಸಿಬಿಡು.

ಶಿಷ್ಯೆ: ಇಂದು ಬೇಡ. ಮೊದಲು ಇದರೊಳಗಿರುವ ಬರಹ, ಚಿತ್ರ, ಶಾಸನಗಳ ಪಡಿಯಚ್ಚಿನ ಫೋಟೋಗಳು ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಒಂದು ಪ್ರತಿ, ಮಗಳ ಬಳಿಗೆ ಇನ್ನೊಂದು ಪ್ರತಿ ಮಾಡಿಸಬೇಕು. ಮಾಡಿದ ಮೇಲೆ ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ಸ್ಥಾಪಿಸುವಾಗ ಡಿಸ್ಕನ್ನು ಅಳಿಸಲೇ ಎಂದು ಕೇಳುವ ಒಂದು ಕ್ಷಣವಿದೆ. ಅಲ್ಲಿ ಹೌದೆಂದ ಮೇಲೆ ಹಿಂದಕ್ಕೆ ದಾರಿಯಿಲ್ಲ. ಎಸ್‌ಎಸ್‌ಡಿ ಹಾಕಿಸಿದರೆ ಹಳೆಯ ಡಿಸ್ಕನ್ನೇ ವಿಂಡೋಸಿನ ಸಮೇತ ತೆಗೆದು ಬೀರುವಿನಲ್ಲಿಡಬಹುದು, ಅದು ಎಲ್ಲಕ್ಕಿಂತ ಕ್ಷೇಮ. ಅಲ್ಲಿಯವರೆಗೆ ಪೆನ್‌ಡ್ರೈವ್ ಇಲ್ಲಿಯೇ ಇರಲಿ. ಅಮ್ಮನವರೂ ಇದರಲ್ಲಿ ಹರಿಕಥೆ ಕೇಳಲಿ. ಅವರಿಗೆ ಒಗ್ಗದಿದ್ದರೆ ನಮ್ಮ ನಿರ್ಣಯ ಪೂರ್ತಿಯಾದಂತಲ್ಲ.

ಗುರುಗಳು: ಅವಳ ಅಭಿಪ್ರಾಯ ಈ ಮನೆಯಲ್ಲಿ ಕೊನೆಯದು, ಅದು ನಿಜ. ಇದಕ್ಕೆ ಎಷ್ಟು ಕಾಲ ಆಯುಸ್ಸು? ಇನ್ನೆರಡು ವರ್ಷಕ್ಕೆ ಇದೂ ಅರ್ಹತೆ ಕೇಳಿದರೆ ಮತ್ತೆ ನಿನ್ನನ್ನು ಕರೆಯಬೇಕಾಗುತ್ತದೆ.

ಶಿಷ್ಯೆ: ಕರೆದರೆ ಬರುತ್ತೇನೆ. ಉಬುಂಟುವಿನ 24.04 ಆವೃತ್ತಿಯ ಮೇಲೆ ಕಟ್ಟಿದ ಮಿಂಟ್ 22ಕ್ಕೆ ತೇಪೆಗಳು 2029ರ ಏಪ್ರಿಲ್‌ವರೆಗೆ ಬರುತ್ತವೆ; ಟಿಪಿಎಂ ಇಲ್ಲವೆಂದು ಅದು ಯಾವ ಯಂತ್ರವನ್ನೂ ಹೊರಗಿಡುವುದಿಲ್ಲ. ಅಂಗಡಿಗೆ ವಿಂಡೋಸ್ 11, ಈ ಮೇಜಿನ ಮೇಲಿನ ಯಂತ್ರಕ್ಕೆ ಮಿಂಟ್, ತಮ್ಮ ಚರಿತ್ರೆಗೆ ಯೂನಿಕೋಡ್. ಡಿಸ್ಕು ತಂದ ದಿನ ತಿಳಿಸಿರಿ. ಮೊದಲನೆಯ ಅಧ್ಯಾಯದ ಪರಿವರ್ತನೆಯನ್ನು ಅಂದೇ ಆರಂಭಿಸೋಣ.